ಗೀತಾ ಬರೆಯದೆ ಬಿಟ್ಟುಹೋದ ಸ್ಟೇಷನ್

ಸುಳ್ಳು ಅನ್ನಿ ಯಾರಾದರೂ...
ದಯವಿಟ್ಟು ಸುಳ್ಳು ಅನ್ನಿ.

ಬರೀ ಜ್ವರ ಅಂದಿದ್ದಳು ಗೀತಾ.
"ಎರಡು ದಿನ ಮಲಗಿದ್ರೆ ಸರಿಹೋಗುತ್ತೆ ಕಣೆ. ಬೋರ್ಡ್‌ಗೆ ಕೈ ಹಾಕ್ಬೇಡ, ನಾನೇ ಬಂದು ಮುಗಿಸ್ತೀನಿ" ಅಂತ ವಾಯ್ಸ್ ಮೆಸೇಜ್ ಕಳಿಸಿದ್ದಳು.
ಇವತ್ತು ಬೆಳಿಗ್ಗೆ ಅವಳ ತಮ್ಮ ರವಿ ಫೋನ್ ಮಾಡಿದ.
"ನಸ್ರೀನಕ್ಕಾ..." ಅಂದವನೇ ಜೋರಾಗಿ ಅತ್ತುಬಿಟ್ಟ.
ಆಸ್ಪತ್ರೆಯಿಂದ ದೊಡ್ಡಬಳ್ಳಾಪುರಕ್ಕೆ ಗೀತಾಳ ದೇಹ ಬಂತು.
ಅಷ್ಟೇ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗೀತಾ ನೇಕಾರರ ಮನೆಯ ಹುಡುಗಿ. ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದಳು.
ನಮ್ಮೂರ ಹುಡುಗರು ಮಾಕಳಿದುರ್ಗದಲ್ಲಿ ಒಂದು ಸಣ್ಣ ಸಿನಿಮಾ ಮಾಡಿದ್ದರಲ್ಲ... ಅಕ್ಕ ತನ್ನ ತಮ್ಮನನ್ನು ಹುಡುಕಿಕೊಂಡು ಬೆಟ್ಟ ಹತ್ತುವ ಕಥೆ... ಅದನ್ನು ನಾವಿಬ್ಬರೂ ಬೋರ್ಡ್ ಗೇಮ್ ಮಾಡುತ್ತಿದ್ದೆವು.
ರೂಲ್ಸ್ ನನ್ನದು.
ಬೋರ್ಡು, ಕಾರ್ಡು, ಕಾಯಿ, ಬಾಕ್ಸಿನ ಮುಚ್ಚಳದ ಚಿತ್ರ ಎಲ್ಲಾ ಅವಳದು.
ನೂಲು ಸುತ್ತುವ ಹಳೇ ಮರದ ಕಂಡಿಕೆಗಳನ್ನು ಕತ್ತರಿಸಿ, ಉಜ್ಜಿ, ಬಣ್ಣ ಬಳಿದು ಕಾಯಿ ಮಾಡಿದ್ದಳು. ತಮ್ಮನ ಕಾಯಿ ಕೆಂಪು.

ಸಿನಿಮಾದಲ್ಲಿ ತಮ್ಮ ಬೆಟ್ಟದ ಮೇಲೇ ಸಾಯುತ್ತಾನೆ. ಅಕ್ಕ ಒಬ್ಬಳೇ ಇಳಿದು ಬಂದು ಕೆಳಗಿನ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾಳೆ.
ಗೀತಾ ಒಪ್ಪಲೇ ಇಲ್ಲ.
"ಥೂ, ಸಿನಿಮಾದವ್ರು ಬೇಕಾದ್ರೆ ಸಾಯಿಸ್ಲಿ. ನಮ್ಮ ಆಟದಲ್ಲಿ ಅವನನ್ನ ಇಳಿಸ್ಕೊಂಡ್ ಬರ್ಲೇಬೇಕು. ಒಬ್ರನ್ನ ಬಿಟ್ಟು ಸ್ಟೇಷನ್ ಸೇರಿದ್ರೆ ಎಲ್ರೂ ಸೋತಂಗೆ. ಬರ್ಕೋ ನಿನ್ ರೂಲ್ಸಲ್ಲಿ!"
ಬರೆದುಕೊಂಡೆ.

ಲೇ ಗೀತಾ...
ನಿನ್ನ ಮೊದಲನೇ ಬೋರ್ಡ್ ನೆನಪಿದೆಯೇನೇ?
ಇಡೀ ಬೆಟ್ಟವನ್ನೇ ಎಡಬಲ ಮಾಡಿಟ್ಟಿದ್ದೆ ನೀನು. ಬಲಕ್ಕಿರಬೇಕಾದ ಸ್ಟೇಷನ್ ಎಡಕ್ಕೆ!
ನಾನು ಬಿದ್ದೂ ಬಿದ್ದೂ ನಕ್ಕಿದ್ದಕ್ಕೆ ನಿನಗೆ ಸಿಟ್ಟು ಬಂತು.
"ನಗ್ಬೇಡ ಕಣೆ... ನಮ್ಮ ಮಗ್ಗದಲ್ಲಿ ಸೀರೆ ಮಗುಚ್ಕೊಂಡೇ ನೇಯೋದು. ಹುಟ್ಟಿದಾಗಿಂದ ಹಿಂಬದೀನೇ ನೋಡಿದೀನಿ. ಕೈಗೆ ಅದೇ ಅಭ್ಯಾಸ."
ಕಂಪ್ಯೂಟರ್‌ನಲ್ಲಿ ಒಂದು ಕ್ಲಿಕ್ಕಿಗೆ ತಿರುಗಿಸೋಣ ಅಂದರೆ ಅದಕ್ಕೂ ಬೈಗುಳ.
"ಬಿಸಿಲು ಬೀಳೋ ದಿಕ್ಕೂ ತಿರುಗುತ್ತೆ, ಅಕ್ಷರಾನೂ ತಿರುಗುತ್ತೆ. ಬಿಡು, ಹೊಸದಾಗೇ ಬರೀತೀನಿ."
ಮತ್ತೆ ಮೊದಲಿಂದ ಕೂತೆ ನೀನು...
ಬಂಡೆ, ಕೋಟೆ ಗೋಡೆ, ಮೇಲಿನ ಗುಡಿ, ಇಳಿಯುವ ದಾರಿ... ಎಲ್ಲಾ ಮುಗಿಯಿತು.
ಸ್ಟೇಷನ್ ಒಂದು ಉಳಿಯಿತು. ಅಷ್ಟರಲ್ಲಿ ಆ ಹಾಳು ಜ್ವರ.

ಮಧ್ಯಾಹ್ನ ನಿಮ್ಮ ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ ಕಣೆ. ಅಕ್ಕಪಕ್ಕದವರೆಲ್ಲ ನಿಲ್ಲಿಸಿದ್ದರು.
ನಿಮ್ಮಮ್ಮ ಬೋರ್ಡನ್ನೂ ಕಾಯಿ ಡಬ್ಬಿಯನ್ನೂ ತಂದು ನನ್ನ ಮಡಿಲಿಗಿಟ್ಟರು.
"ತಗೊಂಡೋಗವ್ವಾ ನಸ್ರೀನಾ... ನೀನಾದ್ರೂ ಮುಗ್ಸವ್ವಾ..."
ನಾನು ಹೇಗೆ ಮುಗಿಸಲಿ? ಒಂದು ಗೆರೆ ನೆಟ್ಟಗೆ ಎಳೆಯಲು ಬಾರದವಳು ನಾನು.
ಬೇರೆ ಆರ್ಟಿಸ್ಟ್ ಹಿಡಿಯಬಹುದು ಅಂತ ಆಗಲೇ ಒಬ್ಬರು ಹೇಳಿದರು. ನಿನ್ನ ಬಣ್ಣದ ಪಕ್ಕ ಬೇರೆಯವರ ಬಣ್ಣ ನೋಡುವ ಶಕ್ತಿ ನನಗಿಲ್ಲ.

ಈಗ ಬೋರ್ಡು ನನ್ನ ಮುಂದೆಯೇ ಇದೆ.
ದಾರಿ ಬೆಟ್ಟ ಇಳಿದು ಬರುತ್ತದೆ... ಬರುತ್ತದೆ...
ಆಮೇಲೆ ಬರೀ ಬಿಳಿ ಹಾಳೆ.
ಈ ಕೆಂಪು ಕಾಯಿಯನ್ನು ಎಲ್ಲಿಗೆ ಇಳಿಸಲಿ, ಹೇಳೇ?

ಫ್ರೆಂಡ್ಸ್, ಸಮಾಧಾನ ಹೇಳಬೇಡಿ.
"ಒಳ್ಳೆಯವರನ್ನೇ ದೇವರು ಬೇಗ ಕರ್ಕೊಳ್ತಾನೆ" ಅಂತ ಕಾಮೆಂಟ್ ಹಾಕಬೇಡಿ. ಅವನಿಗೇನು ಅಲ್ಲಿ ಒಳ್ಳೆಯವರ ಬರಗಾಲವೇ?

ಸಂಜೆ ನಿನ್ನನ್ನು ಮಣ್ಣಿಗಿಟ್ಟೆವು ಗೀತಾ.
ರವಿಯನ್ನು ಇಬ್ಬರು ಹಿಡಿದುಕೊಂಡಿದ್ದರು.
ಆಮೇಲೆ ಎಲ್ಲರೂ ಕೈಕಾಲು ತೊಳೆದುಕೊಂಡು... ಮನೆಗೆ ವಾಪಸ್ ಬಂದುಬಿಟ್ಟೆವು.
ನಿನ್ನೊಬ್ಬಳನ್ನು ಅಲ್ಲಿ ಬಿಟ್ಟು.

ನಿನ್ನದೇ ರೂಲ್ ಕಣೆ.
ಎಲ್ಲರೂ ಸೋತೆವು.

ನಿನ್ನ ದೇವರೋ, ನನ್ನ ಅಲ್ಲಾಹನೋ... ಯಾರಾದರೂ ಸರಿ, ನಿನ್ನ ಜೀವಕ್ಕೆ ನೆಮ್ಮದಿ ಕೊಡಲಿ.
ಹೋಗಿ ಬಾರೇ...