ಜೀಪಿಗೆ ಬಂದ ಜ್ವರ

2005ರ ಬೇಸಿಗೆಯ ಮಧ್ಯಾಹ್ನ. ಕಲ್ಯಾಣದುರ್ಗ ಇನ್ನೇನು ಬಂತು ಅನ್ನುವಷ್ಟರಲ್ಲಿ ಕೆಟ್ಟು ನಿಂತ, ಊರಿಂದೂರಿಗೆ ಜನರನ್ನು ಸಾಗಿಸುವ ಸರ್ವೀಸ್ ಜೀಪಿನ ಬಾನೆಟ್ ಪಕ್ಕ ನಾನು ನಿಂತಿದ್ದೆ. ರೇಡಿಯೇಟರಿಗೆ ನೀರು ತುಂಬಿದ್ದಾಯಿತು, ಆದರೆ ವಾಷರ್ ಸವೆದು ಮುಚ್ಚಳ ಬಿಗಿಯಾಗಿ ಕೂರಲಿಲ್ಲ. ಡ್ರೈವರ್ ಹಿಂದಿನ ಸೀಟಿನ ಮೇಲಿದ್ದ ಚಿಂದಿಯೊಂದನ್ನು ನೆನೆಸಿ ಮುಚ್ಚಳದ ಕೆಳಗಿಡಲು ಹೋದ.

ಹಿಂದಿನಿಂದ ಚೀರಾಟ ಕೇಳಿತು. ಅದು ಹಿಂದೂಪುರದಿಂದ ಅಜ್ಜಿಯ ಜೊತೆ ಬರುತ್ತಿದ್ದ ಎರಡು ವರ್ಷದ ಹುಡುಗಿಯದು. ಆ ಚಿಂದಿ ಅವಳಮ್ಮನ ಹಳೇ ಸೀರೆಯ ತುಂಡು. ಅದಿಲ್ಲದೆ ಅವಳು ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ ಎಂದರು ಅಜ್ಜಿ. ಡ್ರೈವರ್ ಪೆಚ್ಚಾಗಿ ವಾಪಸ್ ಕೊಟ್ಟ. ನನ್ನ ಟವೆಲ್ ಕೊಟ್ಟೆ. ದಪ್ಪವಾಯಿತು, ಮುಚ್ಚಳ ಕೂರಲೇ ಇಲ್ಲ. ಸುತ್ತ ನೆರಳಿಗೊಂದು ಮರವಿರಲಿಲ್ಲ.

ಅಜ್ಜಿ ಅವಳನ್ನೆತ್ತಿ, ಅಂಗೈಯನ್ನು ಮಡ್‌ಗಾರ್ಡಿಗೆ ತಾಗಿಸಿದರು. ‘ನೋಡ್ ಕಣಮ್ಮ, ಜೀಪಿಗೆ ಜರ ಬಂದ್ಬುಟ್ಟೈತೆ. ಮೊನ್ನೆ ನಿಂಗೂ ಬಂದಿತ್ತಲ್ಲ, ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ್ನಲ್ಲ?’

ಅವಳು ಬಿಕ್ಕುತ್ತಲೇ ಬಟ್ಟೆಯನ್ನೊಮ್ಮೆ ಮೂಸಿದಳು. ಆಮೇಲೆ ತಾನಾಗಿಯೇ ಡ್ರೈವರ್ ಕಡೆ ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಈ ಸಲ ಮುಚ್ಚಳ ಬಿಗಿಯಾಗಿ ಕೂತಿತು, ಜೀಪು ಹೊರಟಿತು.

ಕಲ್ಯಾಣದುರ್ಗ ಬಸ್ ನಿಲ್ದಾಣ ಬರುವವರೆಗೂ ಅವಳು ಮುಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿಂತು ಬಾನೆಟ್ಟನ್ನೇ ನೋಡುತ್ತಿದ್ದಳು. ಅಲ್ಲಿ ಡ್ರೈವರ್ ಬಟ್ಟೆಯನ್ನು ತೊಳೆದು ಹಿಂಡಿ ಕೊಟ್ಟಾಗ, ‘ಜರ ಹೋಯ್ತಾ?’ ಎಂದಳು.

‘ಹೋಯ್ತು ತಲ್ಲೀ, ನಮ್ಮ ತಾಯೀ. ನೀನೇ ನಮ್ಮ ಡಾಕ್ಟ್ರಮ್ಮ,’ ಅಂದ ಅವನು.

ಅಂದು ಇದನ್ನು ಕಂಡವರಲ್ಲಿ ನನಗೆ ಈಗಲೂ ಸಿಗುವವನು ಆ ಡ್ರೈವರ್ ಒಬ್ಬನೇ. ಕಲ್ಯಾಣದುರ್ಗದಲ್ಲೇ ಗಾಡಿ ಓಡಿಸುತ್ತಾನೆ. ಸೀಟಿನ ಮೇಲೆ ಎಂಥ ಚಿಂದಿ ಕಂಡರೂ ಮುಟ್ಟುವ ಮೊದಲು ‘ಇದು ಯಾರ್ದಮ್ಮ?’ ಎಂದು ಕೇಳುತ್ತಾನೆ.