ಮಗಳ ಆಸೆಗೆ ಮೊದಲು ನಕ್ಕವಳು ನಾನೇ

“ಇವ್ಳು ನರ್ಸಿಂಗ್‌ಗೆ ಸೇರ್ತಾಳೆ ಮೇಡಂ” ಎಂದು ನಾನೇ ಉತ್ತರ ಕೊಟ್ಟುಬಿಟ್ಟೆ. ಪಿಯುಸಿ ಆದಮೇಲೆ ಮುಂದೇನು ಎಂದು ತಿಳಿಸಲು ಅರಸೀಕೆರೆಯ ಕಾಲೇಜಿನಲ್ಲಿ ಕರೆದಿದ್ದ ಸಭೆ ಅದು. ಮೇಡಂ ಕೇಳಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ಮಗಳು ಸಿಂಧುವನ್ನು. “ಅವಳೇ ಹೇಳಲಿ ಅಮ್ಮ” ಎಂದರು.

ಸಿಂಧು ಎದ್ದು ನಿಂತು, “ದನದ ಡಾಕ್ಟರ್ ಆಗ್ಬೇಕು ಮೇಡಂ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. “ಮನೇಲಿ ಸಗಣಿ ಬಾಚು ಅಂದ್ರೆ ಮೂಗು ಮುಚ್ಕೊಂತಾಳೆ!” ಎಂದೆ. ಸಭೆಯೆಲ್ಲ ಗೊಳ್ಳೆಂದಿತು.

ಅವಳು ಕೂರಲಿಲ್ಲ. “ರಜಾ ದಿನ ಹಳೇಬೀಡಿನ ಪಶು ಆಸ್ಪತ್ರೆಗೆ ಹೋಗಿ ಕೆಲಸ ನೋಡ್ತೀನಿ ಮೇಡಂ. ಮೊದಲ ಸಲ ವಾಂತಿ ಮಾಡ್ಕೊಂಡೆ. ಆದ್ರೂ ಮತ್ತೆ ಹೋದೆ. ಆವತ್ತು ಒಂದು ಹಸುವಿನ ಹೊಟ್ಟೇಲಿ ಅಡ್ಡ ತಿರುಗಿದ್ದ ಕರೂನ ಡಾಕ್ಟರು ಈಚೆ ತೆಗೆದ್ರು. ಹಸು ಅದನ್ನ ನೆಕ್ಕೋದು ನೋಡಿ, ನಂಗಿದೇ ಕೆಲಸ ಬೇಕು ಅನ್ನಿಸ್ತು” ಎಂದಳು. ಸಭೆಯಲ್ಲಿ ಆಮೇಲೆ ಯಾರೂ ನಗಲಿಲ್ಲ. ರಜಾ ದಿನ ಅವಳು ಗೆಳತಿ ಮನೆಗೆ ಓದಲು ಹೋಗುತ್ತಾಳೆಂದೇ ನಾನು ನಂಬಿದ್ದೆ. ಹಾಲು ಮಾರಿಯೇ ಮನೆ ನಡೆಸುವ ನಾನು ತಲೆ ತಗ್ಗಿಸಿ ಕೂತೆ.

ನಮ್ಮೂರು ಜಾವಗಲ್ಲಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ, “ನಂಗ್ಯಾಕೆ ಹೇಳ್ಲಿಲ್ಲ ಮಗಾ?” ಎಂದು ಕೇಳಿದೆ.

“ನೀನು ನಗ್ತೀಯ ಅಂತ ಗೊತ್ತಿತ್ತು ಕಣಮ್ಮ.”

ಈಗ ಸಿಂಧು ಆಸ್ಪತ್ರೆಗೆ ಹೊರಟರೆ ನಾನೇ ಬುತ್ತಿ ಕಟ್ಟಿಕೊಡುತ್ತೇನೆ. ಅವಳು ಖುಷಿಯಿಂದಲೇ ತೆಗೆದುಕೊಂಡು ಹೋಗುತ್ತಾಳೆ. ಬಸ್ಸಿನಲ್ಲಿ ಅವಳಂದ ಆ ಮಾತು ಮಾತ್ರ ನನ್ನೊಳಗೆ ಇನ್ನೂ ಚುಚ್ಚುತ್ತಲೇ ಇದೆ.