ಉಬ್ಬಿದ ಭ್ರೂಣ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಕೈಯ ಗಾಜಿನ ಬಳೆಗಳಿಗೆ ಸದಾ ಒಣಗಿದ ಗೋಧಿಹಿಟ್ಟು ಅಂಟಿರುತ್ತಿತ್ತು. ಅಡುಗೆಯದಲ್ಲ, ಪಾಠದ್ದು. ಅಂಥವರ ಬಹುಮುಖ್ಯ ಉಪನ್ಯಾಸಕ್ಕೆ ಬೇಕರಿ ಹಿಟ್ಟು ತಂದುಕೊಟ್ಟ ಮಹಾನುಭಾವ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ಗೆಳೆಯರು ಮಸಾಲೆ ಹಾಕಿ ಹೇಳುತ್ತಾರೆ.

ವಿಜಯನಗರದ ನಮ್ಮ ಕಾಲೇಜಿನಲ್ಲಿ ಭ್ರೂಣದ ಪಾಠಕ್ಕೆ ಅವರಿಗೆ ಬೋರ್ಡು ಬೇಡ. ನಿಂಬೆಗಾತ್ರದ ಹಿಟ್ಟಿನುಂಡೆಯನ್ನು ದಾರದಿಂದ ಎರಡು ಮಾಡುವರು, ನಾಲ್ಕು ಮಾಡುವರು, ಎಂಟು. "ನೋಡ್ರಪ್ಪಾ, ಹೋಳು ಜಾಸ್ತಿ ಆಯ್ತು. ಉಂಡೆ ದೊಡ್ಡದಾಯ್ತಾ? ಇಲ್ಲ ತಾನೇ?" ಜಾರಿದ ಕನ್ನಡಕವನ್ನು ಹಿಟ್ಟು ತಾಗದ ಮೊಣಕೈಯಿಂದ ಮೇಲೇರಿಸುವುದೂ ಸೇರಿದಂತೆ ಇದನ್ನೆಲ್ಲ ನಾನು ಕ್ಯಾಂಟೀನಿನಲ್ಲಿ ಅಭಿನಯಿಸುತ್ತಿದ್ದೆ. ಒಮ್ಮೆ ಅವರೇ ಹಿಂದೆ ನಿಂತಿದ್ದರು.

"ಎಂಟಾದ್ಮೇಲೆ ಹದಿನಾರು ಕಣೋ. ಅಣಕ ಮಾಡೋದಾದ್ರೆ ಪೂರ್ತಿ ಮಾಡು."

ಹಾಗೆ ಪೂರ್ತಿ ಅಣಕ ಮಾಡಿಮಾಡಿಯೇ ನಾನು ಪಾಸಾದದ್ದು.

ಆ ವರ್ಷ ಎಲ್ಲರಿಗೂ ಕಂಪ್ಯೂಟರೇ ಬೇಕಿತ್ತು. ಇನ್ನೊಂದು ವರ್ಷ ಹುಡುಗರು ಸೇರದಿದ್ದರೆ ವಿಭಾಗ ಮುಚ್ಚುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಪಿಯುಸಿ ಮಕ್ಕಳನ್ನು ಕರೆಸಿ ಒಂದು ಉಪನ್ಯಾಸ ಕೊಡಲು ಮೇಡಂ ಹೊರಟರು. ಚೀನಾದ ಕಲ್ಲುಗಳಲ್ಲಿ ಸಿಕ್ಕ, ಐವತ್ತು ಕೋಟಿ ವರ್ಷಕ್ಕೂ ಹಳೆಯ, ಮರಳಿನ ಕಣದಂಥ ಭ್ರೂಣಗಳು ಅವರ ವಿಷಯ. ಕೆಲವುಗಳಲ್ಲಿ ಎರಡು ಕೋಶ, ಕೆಲವುಗಳಲ್ಲಿ ನಾಲ್ಕು, ಎಂಟು. ಒಟ್ಟು ಗಾತ್ರ ಮಾತ್ರ ಒಂದೇ. ಪ್ರಾಣಿಗಳ ಬೆಳವಣಿಗೆ ಶುರುವಾದದ್ದು ಹೇಗೆ ಎಂಬುದಕ್ಕೆ ಕಲ್ಲಾಗಿ ಉಳಿದ ಸಾಕ್ಷಿ.

ಹಿಟ್ಟು ತರುವ ಕೆಲಸ ನನ್ನದು. ಕಲಸಲು ಸೋಮಾರಿತನ, ಹೊಸಹಳ್ಳಿಯ ಬೇಕರಿಯಿಂದ ಬನ್ನಿಗೆಂದು ಕಲಸಿಟ್ಟದ್ದನ್ನೇ ತಂದೆ.

"ಏನೋ ಇದು, ಇಷ್ಟು ಬೆಳ್ಳಗಿದೆ?"

"ಮೈದಾ ಮೇಡಂ. ಹಿಂದಿನ ಬೆಂಚಿಗೂ ಕಾಣುತ್ತೆ."

ಅದರಲ್ಲಿ ಈಸ್ಟ್ ಇದೆಯೆಂದು ಹೊಳೆಯಲೇ ಇಲ್ಲ. ಮೇಡಂ ಎಂಟು ಹೋಳು ಮಾಡಿ ತಟ್ಟೆಯಲ್ಲಿಟ್ಟು ಸ್ಲೈಡುಗಳತ್ತ ತಿರುಗಿದರು. ತಗಡಿನ ಮಾಡಿನ ಸಭಾಂಗಣ, ಬೇಸಿಗೆಯ ಸೆಕೆ. ಅರ್ಧ ಗಂಟೆಯ ನಂತರ ಈಚೆ ತಿರುಗಿದರೆ ಭ್ರೂಣ ಉಬ್ಬಿ ಇಮ್ಮಡಿಯಾಗಿತ್ತು.

"ಮಗಾ, ಬನ್ ಆಗ್ತಾ ಇದೆ!" ಎಂದು ಯಾರೋ ಕೂಗಿದ. ಇಡೀ ಸಭಾಂಗಣ ಘೊಳ್ಳೆಂದಿತು. ನಾನು ಪ್ರೊಜೆಕ್ಟರಿನ ಹಿಂದೆ ಕುಕ್ಕರಿಸಿದೆ.

ಮೇಡಂ ಉಂಡೆಯನ್ನು ಬೆರಳಿನಿಂದ ಒತ್ತಿದರು, ಮೂಸಿದರು, ತಾವೂ ನಕ್ಕುಬಿಟ್ಟರು. "ನೋಡೋಕೆ ಭ್ರೂಣದ ಥರಾನೇ ಇತ್ತು, ನಾನೂ ನಂಬ್ಕೊಂಡಿದ್ದೆ. ಆ ಕಲ್ಲಿನವೂ ಭ್ರೂಣ ಅಲ್ಲ, ದೊಡ್ಡ ಜಾತಿ ಬ್ಯಾಕ್ಟೀರಿಯಾ ಇರಬಹುದು ಅಂತ ಈಗ ಕೆಲವರು ಹೇಳ್ತಿದಾರೆ. ಅವೂ ಹೀಗೇ ಎರಡು, ನಾಲ್ಕು ಆಗ್ತವಂತೆ."

ಇದನ್ನು ಅವರು ಹೇಳಬೇಕಾಗಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ವಿಭಾಗ ಇವತ್ತಿಗೂ ಉಳಿದಿದ್ದರೆ ಅದು ಆಮೇಲೆ ನಡೆದ ನಾಲ್ಕು ಮಾತಿನಿಂದ ಎಂದೇ ನನ್ನ ನಂಬಿಕೆ. ಅವರು ತೀರಿಕೊಂಡ ಮೇಲೂ ನಾನು ಅಣಕಿಸಲಾಗದ ಮಾತುಗಳು ಅವು. ಬಾಯಿಗೆ ಬಂದರೆ ದನಿ ನನ್ನದೇ ಆಗಿಬಿಡುತ್ತದೆ.

ಮುಂದಿನ ಸಾಲಿನಿಂದ ಪ್ರಿನ್ಸಿಪಾಲರು ಚಡಪಡಿಸಿ ಎದ್ದರು. "ಮೇಡಂ, ಭ್ರೂಣ ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳ್ಬಿಡಿ."

"ಗೊತ್ತಿಲ್ಲ ಸಾರ್."

"ನೀವೇ ಗೊತ್ತಿಲ್ಲ ಅಂದ್ರೆ ಈ ಮಕ್ಕಳು ಯಾಕ್ರೀ ಬಂದು ಸೇರ್ತಾರೆ?"

"ಎಲ್ಲಾ ಗೊತ್ತಾಗಿಬಿಟ್ಟಿದ್ರೆ ಸಾರ್, ಇವರು ಬಂದು ಮಾಡೋದೇನು?"